ವ್ರತದ ವೇಷ ತೊಟ್ಟ ವ್ಯಸನ

ವರ್ಷದ 365 ರಾತ್ರಿಗಳಲ್ಲಿ ರಾತ್ರಿಗೊಂದರಂತೆ ಹೊಸ ಮದ್ಯಶಾಲೆಯನ್ನು ಹೊಕ್ಕು, ಕುಡಿದು, ಅದರ ವೃತ್ತಾಂತವನ್ನು ಬರೆದು ಲೋಕಕ್ಕೆ ಸಾರುವುದು ಪಶ್ಚಿಮದ ಮಹಾನಗರಗಳಲ್ಲಿ ಒಂದು ಸಾಹಸವೆಂದು ಪರಿಗಣಿತವಾಗಿದೆ. ನ್ಯೂಯಾರ್ಕ್ ನಗರದಲ್ಲಿ 2010ರ ಆಸುಪಾಸಿನಲ್ಲಿ ಇಂಥ ಪಣ ತೊಟ್ಟವರಿದ್ದರು. ಒಂದೇ ವರ್ಷದಲ್ಲಿ ಸಾವಿರ ಬಾರುಗಳ ಗುರಿಯಿಟ್ಟುಕೊಂಡವನೂ ಇದ್ದ. ಇಂಗ್ಲೆಂಡಿನಲ್ಲಿ ಜೀವಮಾನವಿಡೀ ಊರೂರು ಸುತ್ತಿ ನಲವತ್ತು ಸಾವಿರಕ್ಕೂ ಹೆಚ್ಚು ಪಬ್ಬುಗಳ ಹೊಸ್ತಿಲು ದಾಟಿದವನ ಹೆಸರು ಗಿನ್ನೆಸ್ ದಾಖಲೆಗಳಲ್ಲಿ ಸೇರಿದೆ.

ಆ ದಾಖಲೆ ಪುಸ್ತಕದ ಜನ್ಮವೃತ್ತಾಂತವೂ ಗಮನಾರ್ಹವಾದುದು. 1951ರಲ್ಲಿ ಐರ್ಲೆಂಡಿನಲ್ಲಿ ಹಕ್ಕಿಗಳ ಬೇಟೆಗೆ ಹೋಗಿದ್ದ ಗಿನ್ನೆಸ್ ಬಿಯರ್ ಕಂಪನಿಯ ಮುಖ್ಯಾಧಿಕಾರಿ ಸರ್ ಹ್ಯೂ ಬೀವರ್, ಬೇಟೆಗೆ ಸಿಗುವ ಹಕ್ಕಿಗಳಲ್ಲಿ ಅತಿ ವೇಗದ್ದು ಯಾವುದೆಂಬ ವಾದದಲ್ಲಿ ತೊಡಗಿದರು. ಪಬ್ಬುಗಳಲ್ಲಿ ಏಳುವ ಇಂಥ ವಾದಗಳನ್ನು ತೀರಿಸಲು ಒಂದು ಗ್ರಂಥ ಬೇಕೆಂದು ಅವರಿಗೆ ತೋರಿತು. 1955ರಲ್ಲಿ ಅದು ಪ್ರಕಟವಾಯಿತು. ಶ್ರಾವಕನು ಮೊದಲಿಗೇ ಬಿಡಬೇಕಾದ ಸಪ್ತವ್ಯಸನಗಳಲ್ಲಿ ಬೇಟೆ ಒಂದು, ಮದ್ಯ ಇನ್ನೊಂದು. ಎರಡೂ ಕೂಡಿ ಹೆತ್ತ ಪುಸ್ತಕದಲ್ಲಿ ಕುಡಿತದ ಎಣಿಕೆಯು ಕೀರ್ತಿಯಾಗಿ ದಾಖಲಾದರೆ ಆಶ್ಚರ್ಯವೇನು?

ಇದು ಸಾಗರದಾಚೆಯ ಮಾತು, ಬಸದಿಯ ನೆರಳಿನಲ್ಲಿ ಬದುಕುವ ಕುಟುಂಬಗಳಿಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಬೆಂಗಳೂರಿಗೆ ‘ಪಬ್ ನಗರಿ’ ಎಂಬ ಹೆಸರು ಅಂಟಿ ಮೂರು ದಶಕಗಳು ಕಳೆದಿವೆ. ಅಲ್ಲಿ ರಾತ್ರಿಗೊಂದು ಹೊಸ ಮದ್ಯಶಾಲೆಯನ್ನು ವರ್ಷವಿಡೀ ಹುಡುಕುವುದು ಯಾರಿಗೂ ಕಷ್ಟವಲ್ಲ. ಓದಿಗಾಗಿ, ಉದ್ಯೋಗಕ್ಕಾಗಿ ಆ ನಗರದಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಶ್ರಾವಕ ಕುಟುಂಬಗಳ ಮಕ್ಕಳು ಇಂಥ ಸಾಹಸಗಳ ವರ್ಣನೆಯನ್ನು ಓದುತ್ತಾರೆ, ಮೆಚ್ಚುತ್ತಾರೆ. ಅವರ ಮೆಚ್ಚುಗೆಗೆ ಕಾರಣಗಳಿವೆ. ಆ ಕಾರಣಗಳನ್ನು ಎದುರಿಸದೆ ‘ಛೀ’ ಎಂದು ಮುಖ ತಿರುಗಿಸುವುದು ಉತ್ತರವಾಗದು.

ಈ ಪಣವನ್ನು ಹೊಗಳುವವರ ಮೊದಲನೆಯ ಕಾರಣ ಶಿಸ್ತು. ಮಳೆ ಬರಲಿ, ಹಿಮ ಬೀಳಲಿ, ಮೈ ನೋಯಲಿ, ಒಂದು ರಾತ್ರಿಯೂ ತಪ್ಪಲಿಲ್ಲ. ಇದು ತಪಸ್ಸಿಗೆ ಸಮಾನವಲ್ಲವೇ ಎನ್ನುತ್ತಾರೆ. ಮೇಲುನೋಟಕ್ಕೆ ಹೋಲಿಕೆ ಇದೆ. ಕಾಲದ ಕಟ್ಟಳೆ ಇದೆ, ಸಂಕಲ್ಪವಿದೆ, ದಿನದಿನದ ಎಣಿಕೆಯಿದೆ. ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯ ತ್ಯಾಗವನ್ನು ಯಮವೆಂದೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಂಗಡಿಸಿದ್ದಾರೆ. ಆದರೆ ಎರಡೂ ತ್ಯಾಗದ ಭೇದಗಳೆಂಬುದನ್ನು ಮರೆಯಲಾಗದು. ದಿಗ್ವ್ರತವು ‘ಇಷ್ಟು ದೂರಕ್ಕಿಂತ ಆಚೆಗೆ ಹೋಗಲಾರೆ’ ಎನ್ನುತ್ತದೆ. ಭೋಗೋಪಭೋಗ ಪರಿಮಾಣ ವ್ರತವು ‘ಇಷ್ಟಕ್ಕಿಂತ ಹೆಚ್ಚನ್ನು ಭೋಗಿಸಲಾರೆ’ ಎನ್ನುತ್ತದೆ. ವ್ರತವು ಭೋಗಕ್ಕೆ ಮೇಲ್ಮಿತಿಯನ್ನು ಹಾಕುತ್ತದೆ. ಈ ಪಣವು ಕೆಳಮಿತಿಯನ್ನು ಹಾಕುತ್ತದೆ. ‘ಇಂದು ಬೇಡ’ ಎಂದು ಮನಸ್ಸು ಹೇಳಿದ ದಿನವೂ ‘ಹೋಗಲೇಬೇಕು’ ಎಂದು ಲೆಕ್ಕವು ಎಳೆದೊಯ್ಯುತ್ತದೆ. ಬಯಕೆ ತಾನಾಗಿ ಕುಂದಿದ ರಾತ್ರಿಯಲ್ಲಿಯೂ ಅದನ್ನು ಬಲವಂತವಾಗಿ ಎಬ್ಬಿಸುವ ನಿಯಮಕ್ಕೆ ಶಿಸ್ತೆಂಬ ಹೆಸರು ಸಲ್ಲದು. ಇದು ವ್ರತದ ವೇಷವನ್ನು ತೊಟ್ಟು ಬಂದ ವ್ಯಸನ.

ವ್ಯಾಪಾರಸ್ಥರ ಸಮಾಜವು ಯಾವ ಮಾತನ್ನೂ ಖಾತೆಗಿಳಿಸದೆ ನಂಬುವುದಿಲ್ಲ. ಇದನ್ನೂ ಖಾತೆಗಿಳಿಸಿ ನೋಡಬಹುದು. ಅಮೆರಿಕದ ಅಳತೆಯಂತೆ ಒಂದು ಪೇಯದಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ರಾತ್ರಿಗೆ ಎರಡೇ ಪೇಯಗಳೆಂದು ಹಿಡಿದರೂ ವರ್ಷಕ್ಕೆ 10 ಕಿಲೋಗ್ರಾಂ ಮೀರುತ್ತದೆ. ರಾತ್ರಿಗೆ ಮೂರು ಗಂಟೆಯಂತೆ 1,095 ಗಂಟೆಗಳು ವ್ಯಯವಾಗುತ್ತವೆ. ಒಂದು ಸಾಮಾಯಿಕದ ಅವಧಿ 48 ನಿಮಿಷ. ಅಷ್ಟು ಕಾಲದಲ್ಲಿ 1,368 ಸಾಮಾಯಿಕಗಳಾಗಿ ಇನ್ನೂ 36 ನಿಮಿಷ ಮಿಗುತ್ತದೆ. ಜಮೆಯ ಬದಿಯಲ್ಲಿ ಬರೆಯಲು ಏನು ಉಳಿಯಿತು? 365 ಹೆಸರುಗಳ ಒಂದು ಪಟ್ಟಿ ಮಾತ್ರ. ಹೊನ್ನು, ಮಣ್ಣುಗಳನ್ನು ಕೂಡಿಡುವುದಷ್ಟೇ ಪರಿಗ್ರಹವಲ್ಲ. ಮೂರ್ಛೆಯೇ, ಅಂದರೆ ಮಮತೆಯೇ, ಪರಿಗ್ರಹವೆಂಬುದು ತತ್ವಾರ್ಥಸೂತ್ರದ ತೀರ್ಮಾನ. ಅನುಭವಗಳನ್ನು ಪೆಟ್ಟಿಗೆ ತುಂಬಿ ಎಣಿಸುತ್ತ ಕೂರುವವನೂ ಪರಿಗ್ರಹಿಯೇ.

ಎರಡನೆಯ ಕಾರಣ ಇದಕ್ಕಿಂತ ಬಲವಾದುದು. ‘ಕುಡಿಯುವುದು ಮುಖ್ಯವಲ್ಲ, ಜನರ ಸಂಗ ಮುಖ್ಯ. ಮಹಾನಗರದಲ್ಲಿ ಮನುಷ್ಯ ಒಂಟಿ. ಅಪರಿಚಿತನೊಡನೆ ಎರಡು ಮಾತನಾಡಲು ಉಳಿದಿರುವ ಜಾಗ ಬಾರೊಂದೇ’ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಅದನ್ನು ಅಲ್ಲಗಳೆಯುವುದು ಅನೇಕಾಂತ ದೃಷ್ಟಿಗೆ ಒಪ್ಪುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡೆನ್‌ಬರ್ಗ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಮೂರನೆಯ ತಾಣವೊಂದು ನಾಗರಿಕ ಬದುಕಿಗೆ ಬೇಕೆಂದು ವಾದಿಸಿ, ಕಾಫಿ ಅಂಗಡಿ, ಪುಸ್ತಕದಂಗಡಿಗಳೊಡನೆ ಪಾನಗೃಹವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಆದರೆ ಅಂಥ ತಾಣಕ್ಕೆ ಜೀವ ತುಂಬುವವರು ನಿತ್ಯ ಬರುವ ಪರಿಚಿತರು ಎಂಬುದೂ ಅವರದೇ ಮಾತು. ಹಾಗಿದ್ದ ಮೇಲೆ ರಾತ್ರಿಗೊಂದು ಹೊಸ ಬಾರಿಗೆ ಹೋಗುವವನಿಗೆ ಎಲ್ಲಿಯ ಸಂಗ? ನಿನ್ನೆ ಮಾತನಾಡಿಸಿದವನನ್ನು ಇಂದು ಕಾಣುವಂತಿಲ್ಲ. ಇಂದು ಕಂಡವನು ನಾಳೆಗಿಲ್ಲ. ಯಾರ ದುಃಖದ ಎರಡನೆಯ ಅಧ್ಯಾಯವೂ ಅವನಿಗೆ ತಿಳಿಯದು. ಮದ್ಯಶಾಲೆಗೆ ಇರಬಹುದಾದ ಒಂದೇ ಗುಣವನ್ನು ಬಿಟ್ಟು, ಅದರ ದೋಷವನ್ನಷ್ಟೇ 365 ಬಾರಿ ಆರಿಸಿಕೊಂಡಂತಾಯಿತು.

ಮೂರನೆಯ ಮಾತು: ‘ಅವನ ಹಣ, ಅವನ ದೇಹ, ಇದರಿಂದ ಯಾರಿಗೆ ಹಿಂಸೆ?’ ಪ್ರಮಾದದಿಂದ ಪ್ರಾಣಘಾತ ಮಾಡುವುದೇ ಹಿಂಸೆ ಎಂದು ಉಮಾಸ್ವಾಮಿಗಳು ಹೇಳಿದ್ದಾರೆ. ಮದ್ಯವು ಆ ಪ್ರಮಾದವನ್ನೇ ಬಟ್ಟಲಲ್ಲಿ ತುಂಬಿ ಕೊಡುತ್ತದೆ. ಅದು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬ ಕಾರ್ಯಕಾರಣದ ಸರಪಳಿಯನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕಾಣಿಸಿದ್ದಾರೆ. ಹುಳಿತ ರಸವು ಅಸಂಖ್ಯ ಜೀವಗಳ ಜನ್ಮಸ್ಥಾನವೆಂಬುದನ್ನೂ ಅವರು ಎತ್ತಿ ಹೇಳಿದ್ದಾರೆ. ಶಾಸ್ತ್ರವನ್ನು ಒಪ್ಪದವರಿಗೆ ವಿಜ್ಞಾನದ ಸಾಕ್ಷಿಯಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆರೋಗ್ಯಕ್ಕೆ ನಿರಪಾಯಕರವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. 2019ರ ಒಂದೇ ವರ್ಷದಲ್ಲಿ ಮದ್ಯದಿಂದಾದ ಸಾವುಗಳು 26 ಲಕ್ಷವೆಂದು ಅದೇ ಸಂಸ್ಥೆಯ 2024ರ ವರದಿ ಹೇಳುತ್ತದೆ. ಇವರಲ್ಲಿ ಕುಡಿಯದೆಯೇ ಸತ್ತವರೂ ಇದ್ದಾರೆ; ಕುಡಿದವನ ವಾಹನದ ಕೆಳಗೆ ಸಿಕ್ಕಿದವರು, ಕುಡಿದವನ ಕೈಯ ಏಟು ತಿಂದವರು. ‘ಯಾರಿಗೆ ಹಿಂಸೆ’ ಎಂಬ ಪ್ರಶ್ನೆಗೆ ಉತ್ತರ ಅವರಲ್ಲಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಎಲ್ಲ ಶ್ರಾವಕರ ಮನಸ್ಸಿಗೂ ಹಿತವಾಗಿರುತ್ತಿತ್ತು. ಪರದೇಶದ ಕುಡುಕನನ್ನು ಬೈಯುವುದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಜೈನಾಚಾರವು ಕರ್ಮದ ಖಾತೆಯನ್ನು ಮಾಡಿದವನ ಹೆಸರಿನಲ್ಲಷ್ಟೇ ಬರೆಯುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂದು ಅದಕ್ಕೆ ಮೂರು ಕಂಬಸಾಲುಗಳಿವೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು. ಕುಡಿದವನು ಮೊದಲನೆಯದರಲ್ಲಿದ್ದಾನೆ. ಉಳಿದೆರಡರಲ್ಲಿ ಯಾರಿದ್ದಾರೆ?

ಜಿನಸೇನಾಚಾರ್ಯರ ಹರಿವಂಶಪುರಾಣದ ದ್ವಾರಾವತಿಯ ಕಥೆ ಇಲ್ಲಿ ನೆನಪಾಗಬೇಕು. ಮದ್ಯದ ನಿಮಿತ್ತದಿಂದ, ದ್ವೈಪಾಯನ ಮುನಿಯ ಕೋಪದಿಂದ, ಪಟ್ಟಣವು ಹನ್ನೆರಡು ವರ್ಷಗಳಲ್ಲಿ ದಹಿಸಿಹೋಗುವುದೆಂದು ನೇಮಿನಾಥ ತೀರ್ಥಂಕರರು ಮುಂಚಿತವಾಗಿಯೇ ತಿಳಿಸಿದರು. ಯಾದವರು ಭಯಗೊಂಡು ಪಟ್ಟಣದಲ್ಲಿದ್ದ ಮದ್ಯವನ್ನೆಲ್ಲ ಹೊರಗೆ ಸಾಗಿಸಿ ಕಾಡಿನ ಕಲ್ಲುಗುಂಡಿಗಳಲ್ಲಿ ಸುರಿಸಿದರು. ಅದು ಅಲ್ಲಿಯೇ ಉಳಿಯಿತು. ಬಾಯಾರಿ ಬಂದ ರಾಜಕುಮಾರರು ಅದನ್ನೇ ಕುಡಿದರು, ಮತ್ತರಾಗಿ ತಪದಲ್ಲಿದ್ದ ಮುನಿಯ ಮೇಲೆ ಕಲ್ಲೆಸೆದರು, ದ್ವಾರಾವತಿ ಬೂದಿಯಾಯಿತು. ಮದ್ಯವನ್ನು ಕಣ್ಣಿಂದ ಮರೆಮಾಡಿದವರು ಮದ್ಯದಿಂದ ಪಾರಾಗಲಿಲ್ಲ. ಹಿರಿಯರು ಹೊರಗೆ ಸುರಿಸಿದ್ದನ್ನು ಕುಡಿದವರು ಅವರ ಮಕ್ಕಳೇ.

ಶ್ರಾವಕ ಸಮಾಜವು ಮದ್ಯವನ್ನು ಅಡುಗೆಮನೆಯಿಂದ ಹೊರಗೆ ಹಾಕಿದೆ, ಸಂತೋಷ. ಮಳಿಗೆಯಿಂದ ಹೊರಗೆ ಹಾಕಿದೆಯೇ? ಮಂದಿರ, ಶಾಲೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂಬುದು ಕರ್ನಾಟಕದ ಅಬಕಾರಿ ನಿಯಮಗಳ ಸಾಮಾನ್ಯ ಕಟ್ಟಳೆ. ಅಧಿಕಾರಿಯು ಬಸದಿಯ ಬಾಗಿಲಿನಿಂದ ಬಾರಿನ ಬಾಗಿಲಿಗೆ ಟೇಪು ಹಿಡಿದು ಅಳೆಯಬಲ್ಲ. ಬಸದಿಯ ಬ್ಯಾಂಕ್ ಖಾತೆಯಿಂದ ಬಾರಿನ ಗಲ್ಲಾಪೆಟ್ಟಿಗೆಗೆ ಎಷ್ಟು ದೂರವೆಂದು ಅಳೆಯುವ ಟೇಪು ಅವನಲ್ಲಿಲ್ಲ. ಅದನ್ನು ಅಳೆಯಬೇಕಾದವರು ಧರ್ಮದರ್ಶಿಗಳು. ಟ್ರಸ್ಟಿನ ಕಟ್ಟಡವನ್ನು ‘ಹೋಟೆಲಿಗೆ’ ಎಂದು ಬಾಡಿಗೆಗೆ ಕೊಟ್ಟು, ಮುಂದೆ ಆ ಹೋಟೆಲು ಏನನ್ನು ಬಡಿಸುತ್ತದೆಂದು ಕೇಳದಿರುವುದು ಕಾರಿತವಲ್ಲವೇ? ಮದ್ಯದ ಲೇವಾದೇವಿಯಿಂದ ಬಂದ ಹಣವೆಂದು ತಿಳಿದೂ ಪಂಚಕಲ್ಯಾಣಕ್ಕೆ ಸ್ವೀಕರಿಸಿ, ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಯಿಸುವುದು ಅನುಮೋದನೆಯಲ್ಲದೆ ಮತ್ತೇನು? ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ಪಂಡಿತ ಆಶಾಧರರು ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೆಸರಿಸುತ್ತಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಮಾಡಬಾರದ ಹದಿನೈದು ವೃತ್ತಿಗಳಲ್ಲಿ ಮದ್ಯವೂ ಸೇರಿದ ರಸವಾಣಿಜ್ಯವನ್ನು ಎಣಿಸುತ್ತದೆ. ದಿಗಂಬರ, ಶ್ವೇತಾಂಬರ ಆಚಾರ್ಯರು ಈ ಒಂದು ವಿಷಯದಲ್ಲಿ ಭಿನ್ನರಲ್ಲ.

ಬಾಡಿಗೆ ನಿಂತರೆ ನಿತ್ಯಪೂಜೆಗೆ, ಜೀರ್ಣೋದ್ಧಾರಕ್ಕೆ ಹಣವೆಲ್ಲಿಂದ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ಸುಳ್ಳಲ್ಲ. ಬಾರು ಕೊಡುವಷ್ಟು ಬಾಡಿಗೆಯನ್ನು ಪುಸ್ತಕದಂಗಡಿ ಕೊಡಲಾರದು. ಆದರೆ ಆದಾಯ ಕುಗ್ಗಿದರೆ ಉತ್ಸವವನ್ನು ಚಿಕ್ಕದಾಗಿ ಮಾಡಬಹುದು. ದೀಪಗಳನ್ನು ಕಡಿಮೆ ಮಾಡಬಹುದು. ಜಿನಬಿಂಬಕ್ಕೆ ಅದರಿಂದ ಕುಂದಿಲ್ಲ. ಮದ್ಯದ ಬಾಡಿಗೆಯಿಂದ ನಡೆದ ಅಭಿಷೇಕದಿಂದ ಸಮಾಜಕ್ಕೆ ಕುಂದಿದೆ.

ಟ್ರಸ್ಟಿನ ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಸ್ವತ್ತಿನ ಪ್ರತಿಯೊಂದು ಬಾಡಿಗೆ ಕರಾರನ್ನೂ ತೆಗೆದು ನೋಡುವುದು ಮೊದಲನೆಯದು. ಆ ಜಾಗದಲ್ಲಿ ಮದ್ಯದ ಮಾರಾಟವಾಗಲಿ, ದಾಸ್ತಾನಾಗಲಿ ಕೂಡದು, ಒಳಬಾಡಿಗೆಗೆ ಕೊಟ್ಟರೂ ಈ ಷರತ್ತು ತಪ್ಪದು ಎಂಬ ಕಲಮನ್ನು ನವೀಕರಣದ ಸಮಯದಲ್ಲಿ ಸೇರಿಸುವುದು ಎರಡನೆಯದು. ಮೂರನೆಯದು ಇನ್ನೂ ಸುಲಭ, ಆದರೆ ಇದುವರೆಗೆ ಹೆಚ್ಚು ಕಡೆಗಣಿಸಲ್ಪಟ್ಟುದು. ನಗರದ ಒಂಟಿ ಯುವಕನು ಸಂಜೆ ಏಳು ಗಂಟೆಗೆ ಕೆಲಸ ಬಿಟ್ಟು ಬಂದಾಗ ಬಾರಿನ ಬಾಗಿಲು ತೆರೆದಿರುತ್ತದೆ, ಧರ್ಮಶಾಲೆಯ ಬಾಗಿಲಿಗೆ ಬೀಗವಿರುತ್ತದೆ. ಮದುವೆಗೆ ಬಾಡಿಗೆ ಬರುವ ದಿನ ಮಾತ್ರ ಆ ಬೀಗ ತೆಗೆಯುತ್ತದೆ. ಸಂಜೆಯಿಂದ ಎರಡು ಗಂಟೆಗಳ ಕಾಲ ಸಭಾಂಗಣವನ್ನು ತೆರೆದಿಟ್ಟು, ನಾಲ್ಕು ವೃತ್ತಪತ್ರಿಕೆ, ಒಂದು ಸ್ವಾಧ್ಯಾಯ ಪೀಠ, ಬಂದವನನ್ನು ‘ಬಾ ತಮ್ಮಾ, ಯಾವ ಊರು?’ ಎಂದು ಕೇಳುವ ಒಬ್ಬ ಹಿರಿಯರನ್ನು ಅಲ್ಲಿ ಕೂರಿಸಲು ಟ್ರಸ್ಟಿಗೆ ಎಷ್ಟು ಖರ್ಚು ತಗಲೀತು?

ಪರದೇಶದ ಆ ಪಣಗಾರನು 365 ಬಾಗಿಲುಗಳನ್ನು ತಟ್ಟಿದ, ಅಷ್ಟೂ ತೆರೆದವು. ಶ್ರಾವಕರ ಮಗನೊಬ್ಬ ತನ್ನ ನಗರದಲ್ಲಿ ರಾತ್ರಿ ಎಂಟು ಗಂಟೆಗೆ ಬಸದಿಯ ಅಂಗಳದ ಒಂದೇ ಬಾಗಿಲನ್ನು ತಟ್ಟಿದರೆ ಅದು ತೆರೆಯುತ್ತದೆಯೇ ಎಂಬುದನ್ನು ಧರ್ಮದರ್ಶಿಗಳು ಮುಂದಿನ ಸಭೆಯಲ್ಲಿ ವಿಚಾರಿಸಲಿ. ಬಾಡಿಗೆಯ ಕರಾರುಗಳು ಅದೇ ಸಭೆಯ ಮೇಜಿನ ಮೇಲೆ ಬರಲಿ.