ಉಚಿತ ವಿದ್ಯುತ್ತಿನ ನೆರಳಿನಲ್ಲಿ ಸೌರಫಲಕ

ಒಂದು ಕೋಟಿ ಮನೆಗಳ ಛಾವಣಿಯ ಮೇಲೆ ಸೌರಫಲಕ ಅಳವಡಿಸುವ ಗುರಿಯೊಂದಿಗೆ ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಪಿ.ಎಂ. ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ಕರ್ನಾಟಕದಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯು 200 ಯೂನಿಟ್ ಮಿತಿಯೊಳಗಿನ ಬಿಲ್ಲನ್ನು ಭರಿಸುತ್ತಿರುವಾಗ, ಸಾಮಾನ್ಯ ಗೃಹಸ್ಥ ತನ್ನ ಉಳಿತಾಯವನ್ನು ಛಾವಣಿಗೆ ಏಕೆ ಸುರಿಯಬೇಕು?

ಲೆಕ್ಕ ಸರಳವಾಗಿದೆ. ಗೃಹಬಳಕೆಯ ದರ ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸಿನಲ್ಲಿದೆ. ತಿಂಗಳಿಗೆ 300 ಯೂನಿಟ್ ಬಳಸುವ ಸ್ಥಿತಿವಂತರು ಮೂರು ಕಿಲೋವ್ಯಾಟ್ ಫಲಕ ಹಾಕಿಸಿದರೆ ಐದಾರು ವರ್ಷಗಳಲ್ಲಿ ಹೂಡಿಕೆ ಮರಳುತ್ತದೆ. ಫಲಕದ ಆಯುಷ್ಯ 25 ವರ್ಷ. ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ಮರಳುವುದು ಬಹುತೇಕ ಶೂನ್ಯ. ಹೀಗಾಗಿ ಕೇಂದ್ರದ ಸಹಾಯಧನ ಉಳ್ಳವರ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ.

ಇತ್ತ ಅದೇ 150 ಯೂನಿಟ್ಟಿನ ಮನೆಗಾಗಿ ರಾಜ್ಯದ ಬೊಕ್ಕಸವು ವರ್ಷಕ್ಕೆ ಸುಮಾರು 11,000 ರೂಪಾಯಿ ತೆರುತ್ತದೆ, ಪ್ರತಿ ವರ್ಷವೂ. ಎರಡು ಕಿಲೋವ್ಯಾಟ್ ಫಲಕದ ಬೆಲೆಯಲ್ಲಿ ಕೇಂದ್ರದ 60,000 ಕಳೆದರೆ ಉಳಿಯುವುದು ಅಂದಾಜು 60ರಿಂದ 90 ಸಾವಿರ. ಅದನ್ನು ರಾಜ್ಯವೇ ಒಮ್ಮೆ ಕೊಟ್ಟುಬಿಟ್ಟರೆ ಆರರಿಂದ ಎಂಟು ವರ್ಷಗಳಲ್ಲಿ ಆ ಮನೆಯ ಬಾಬತ್ತು ಮುಗಿಯುತ್ತದೆ. ಪ್ರತಿ ವರ್ಷದ ವೆಚ್ಚಕ್ಕೆ ಸಿಗುವ ಸಲೀಸಾದ ಒಪ್ಪಿಗೆ ಒಂದು ಬಾರಿಯ ಬಂಡವಾಳಕ್ಕೆ ಸಿಗದೆಂಬುದು ಕಡತಗಳ ನಡುವೆ ಬದುಕಿದವರಿಗೆ ತಿಳಿದ ವಿಷಯವೇ. ಆದರೂ ರಾಜಸ್ಥಾನ 2025ರ ಮುಂಗಡಪತ್ರದಲ್ಲಿ ಉಚಿತ ವಿದ್ಯುತ್ತನ್ನು ಸೌರಫಲಕಕ್ಕೆ ಜೋಡಿಸುವ ದಾರಿ ಹಿಡಿಯಿತು.

ಪರಿಸರದ ಲಾಭವನ್ನು ಮಾತ್ರ ಉತ್ಪ್ರೇಕ್ಷಿಸಬಾರದು. ದೇಶದ ಸರಾಸರಿಯಂತೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಎರಡು ಕಿಲೋವ್ಯಾಟ್ ಫಲಕ ವರ್ಷಕ್ಕೆ ಎರಡು ಟನ್ ತಪ್ಪಿಸುತ್ತದೆಂಬುದು ಕಾಗದದ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಪಾವಗಡದಂಥ ಸೌರಸ್ಥಾವರಗಳ ವಿದ್ಯುತ್ತು ಜಾಲದಲ್ಲಿ ತುಂಬಿರುತ್ತದೆ. ಸಂಜೆ ಏಳಕ್ಕೆ ದೀಪ ಹೊತ್ತಿಸಲು ರಾಯಚೂರಿನ ಕಲ್ಲಿದ್ದಲೇ ಬೇಕು. ಮುಂಜಾನೆಯ ಗೀಸರನ್ನು ತಪ್ಪಿಸುವ ಹಳೆಯ ಸೌರ ಜಲತಾಪಕ ಈ ದೃಷ್ಟಿಯಿಂದ ಇಂದಿಗೂ ಜಾಣ ಸಾಧನ. ಫಲಕದೊಂದಿಗೆ ಬ್ಯಾಟರಿಗೂ ನೆರವು ದೊರೆತರೆ ಆ ಎರಡು ಟನ್ನಿಗೆ ಅರ್ಥ ಬರುತ್ತದೆ.

ಬಾಡಿಗೆದಾರರಿಗೆ, ಅಪಾರ್ಟ್‌ಮೆಂಟ್ ವಾಸಿಗಳಿಗೆ ಸ್ವಂತ ಛಾವಣಿಯಿಲ್ಲ. ಅವರಿಗೆ ಗೃಹಜ್ಯೋತಿ ಈಗಿನಂತೆಯೇ ಮುಂದುವರಿಯಲಿ. ಸ್ವಂತ ತಾರಸಿಯುಳ್ಳ ಫಲಾನುಭವಿಗೆ ಬಿಲ್ಲಿನ ಬದಲು ಫಲಕವನ್ನು ಆರಿಸಿಕೊಳ್ಳುವ ಅವಕಾಶವನ್ನು ಮುಂದಿನ ಮುಂಗಡಪತ್ರದಲ್ಲಾದರೂ ಕಲ್ಪಿಸಬಹುದು.