ಸಾಕುವವರ ಸಿದ್ಧತೆ

‘ಸಾಕಿ ಬೆಳೆಸಿದ ಮೇಲೆ ಹೆತ್ತವರು ಬಂದು ಕರೆದೊಯ್ದರೆ ನಮಗೇನು ಲಾಭ?’ ಪರರ ಮಗುವನ್ನು ಸಾಕಲು ಹೊರಟ ವಿದ್ಯಾವಂತರ ಬಾಯಲ್ಲಿ ಈ ಮಾತು ಕೇಳಿ ನನಗೆ ನಾಚಿಕೆಯಾಗಿದೆ. ಲಾಭ ಬೇಕಾದವರು ಬ್ಯಾಂಕಿಗೆ ಹೋಗಲಿ! 2015ರ ಬಾಲನ್ಯಾಯ ಕಾಯಿದೆ ಪೋಷಕತ್ವವನ್ನು ದತ್ತಕದಿಂದ ಬೇರೆಯಾಗಿಯೇ ಇರಿಸಿದೆ. ಹೆತ್ತವರ ಸ್ಥಿತಿ ನೆಟ್ಟಗಾದರೆ ಮಗು ಮರಳಬಹುದು. ಇನ್ನು, ಮನೆ ನೋಡಲು ಅಧಿಕಾರಿಗಳು ಬಂದರೆ ಅವಮಾನವಂತೆ! ಬಾಡಿಗೆಗೆ ಮನೆ ಕೊಡುವಾಗ ನಾವು ಎಷ್ಟೆಲ್ಲ ವಿಚಾರಿಸುವುದಿಲ್ಲ? ಮಗು ಮನೆಗಿಂತ ಅಗ್ಗವೆ?

ಹರಿಕಥೆಯಲ್ಲಿ ಯಶೋದೆಗಾಗಿ ಕಣ್ಣೊರೆಸಿಕೊಳ್ಳುವವರು ಇಷ್ಟನ್ನಾದರೂ ಯೋಚಿಸಬೇಕು: ಕೃಷ್ಣ ಮಥುರೆಗೆ ಹೋದದ್ದರಿಂದ ಆಕೆಯ ತಾಯ್ತನ ಕುಂದಿತೆ? ಹಾಸಿಗೆ, ಬಟ್ಟೆ, ಪುಸ್ತಕಗಳನ್ನು ಅಣಿಗೊಳಿಸುವುದು ಸುಲಭ. ಬೀಳ್ಕೊಡಬಲ್ಲ ಮನಸ್ಸನ್ನು ಅಣಿಗೊಳಿಸದವರು ಸಾಕುವ ಸಾಹಸಕ್ಕೆ ಕೈಹಾಕದಿರುವುದೇ ಮೇಲು. ಒಮ್ಮೆ ಮನೆ ಕಳೆದುಕೊಂಡ ಮಗುವಿಗೆ ನಮ್ಮ ಹಟದ ಹೊರೆ ಬೇಡ.