ಕಾಕಾನ ವಾಟ್ಸ್‌ಆ್ಯಪ್ ಮತ್ತು ನಮ್ಮ ಎಐ

ದೀಪಾವಳಿ ರಜೆಗೆ ಕಮಲಾಪುರಕ್ಕೆ ಹೋಗಿದ್ದೆ. ಬ್ಯಾಗ್ ಇಳಿಸುವ ಮೊದಲೇ ಕಾಕಾ ಮೊಬೈಲ್ ಮುಂದೆ ಹಿಡಿದರು. ‘ಏ ತಮ್ಮಾ, ನೀ ಇಂಜಿನಿಯರಿಂಗ್ ಓದ್ಲತ್ತಿ ಅಲ್ಲ, ಇದು ಖರೇ ಅದನೋ ಸುಳ್ಳ ಅದನೋ ನೋಡಿ ಹೇಳ್.’

ಅದೊಂದು ವಾಯ್ಸ್ ಮೆಸೇಜ್. ಯಾರೋ ಹೆಣ್ಣುಮಗಳು ಗಾಬರಿಯಿಂದ ಮಾತಾಡುತ್ತಿದ್ದಳು: ‘ಬರೋ ತಿಂಗಳಿಂದ ಗೃಹಲಕ್ಷ್ಮಿ ರೊಕ್ಕ ಬಂದ್ ಮಾಡ್ಲತ್ತಾರಂತ, ಯಾರು ಯಾರಿಗಿ ಓಟ್ ಹಾಕ್ಯಾರ ಅಂತ ಲಿಸ್ಟ್ ಆಗ್ಯಾದಂತ.’ ಮಾತಾಡಿದ್ದು ಯಾರು, ಯಾವ ಊರು, ಯಾವಾಗ ಎಂಬ ಸುಳಿವೇ ಇಲ್ಲ. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತು ಮಾತ್ರ. ತಿಂಗಳಿಗೆ ಬರುವ 2,000 ರೂಪಾಯಿಯ ಮೇಲೆ ಕಿರಾಣಿ ಲೆಕ್ಕ ಹಾಕುವ ಮನೆಯಲ್ಲಿ ಇಂಥ ಮಾತು ಎಷ್ಟು ಬೇಗ ನಾಟುತ್ತದೆ ಎಂದು ಹೇಳಬೇಕಿಲ್ಲ. ನಮ್ಮ ಅವ್ವ ಆಗಲೇ ಮೂರು ಮನೆಗೆ ಅದನ್ನು ಹೇಳಿ ಬಂದಿದ್ದಳು.

ನನಗೆ ಒಳಗೊಳಗೇ ಖುಷಿ. ಏಕೆಂದರೆ ಕಲಬುರಗಿಯ ಕಾಲೇಜಿನಲ್ಲಿ ನಾವು ಮೂವರು ಗೆಳೆಯರು ಮಿನಿ ಪ್ರಾಜೆಕ್ಟ್ ಅಂತ ಮಾಡುತ್ತಿದ್ದುದೇ ಇಂಥ ಸಂದೇಶಗಳನ್ನು ಹಿಡಿಯುವ ಎಐ ಟೂಲ್. ನಮ್ಮ ನಮ್ಮ ಮನೆಯ ಗ್ರೂಪುಗಳಿಂದ ಫಾರ್ವರ್ಡ್ ಮೆಸೇಜುಗಳನ್ನು ಕೂಡಿಹಾಕಿ, ಒಂದೊಂದಕ್ಕೂ ‘ಸುಳ್ಳು’ ಅಥವಾ ‘ನಿಜ’ ಎಂದು ಗುರುತು ಹಾಕಿ, ಮಾಡೆಲ್‌ಗೆ ಕಲಿಸಿದ್ದೆವು. ಲ್ಯಾಬಿನಲ್ಲಿ ಅದು ಹತ್ತರಲ್ಲಿ ಒಂಬತ್ತು ಉತ್ತರ ಸರಿ ಕೊಡುತ್ತಿತ್ತು. ಪೋಸ್ಟರ್ ಕೂಡ ಪ್ರಿಂಟ್ ಮಾಡಿಸಿದ್ದೆವು.

ಕಾಕಾನ ವಾಯ್ಸ್ ಮೆಸೇಜನ್ನು ಅದಕ್ಕೆ ಕೊಟ್ಟೆ. ಮೊದಲ ಹಂತದಲ್ಲಿ ಧ್ವನಿ ಅಕ್ಷರವಾಗಬೇಕು. ‘ರೊಕ್ಕ ಬಂದ್ ಮಾಡ್ಲತ್ತಾರಂತ’ ಎಂಬುದು ತೆರೆಯ ಮೇಲೆ ‘ರೊಕ್ಕ ಬಂದು ಮಾಡಲು ತಾರಂತ’ ಎಂದು ಮೂಡಿತು. ‘ಬಂದ್’ ಎಂಬುದು ‘ಬಂದು’ ಆದ ಕೂಡಲೇ ನಿಲ್ಲುವ ರೊಕ್ಕ ಬರುವ ರೊಕ್ಕವಾಯಿತು. ಟೂಲ್ ನಿರಾಳವಾಗಿ ಹೇಳಿತು: ‘ನಿಜ ಇರಬಹುದು’. ಕಾಕಾ ನನ್ನ ಮುಖ ನೋಡಿದರು. ‘ಹಂಗಾದ್ರ ಖರೇನೇ ಅದ ಅನ್ನು.’

ಇದು ನಗುವ ಸಂಗತಿ. ಮುಂದಿನದು ನಗುವಂಥದ್ದಲ್ಲ. ಪಕ್ಕದ ಮನೆಯ ಅಕ್ಕ ಒಬ್ಬರು ನಮ್ಮ ಟೂಲ್ ಬಗ್ಗೆ ಕೇಳಿ, ತಮಗೆ ಬಂದಿದ್ದ ಮೆಸೇಜೊಂದನ್ನು ತಂದರು. ರೇಷನ್ ಕಾರ್ಡಿಗೆ ಇ-ಕೆವೈಸಿ ಮಾಡಿಸದಿದ್ದರೆ ಅಕ್ಕಿ ನಿಲ್ಲುತ್ತದೆ, ಎಲ್ಲರಿಗೂ ತಿಳಿಸಿ ಎಂದಿತ್ತು. ಟೂಲ್ ‘ಸುಳ್ಳು’ ಎಂದಿತು. ನಾನೂ ನಂಬಿ ಹಾಗೇ ಹೇಳಿಬಿಟ್ಟೆ. ಆ ಸಂದೇಶ ನಿಜವಾಗಿತ್ತು. ಅವರು ಆಮೇಲೆ ಎರಡು ದಿನದ ಕೂಲಿ ಬಿಟ್ಟು ಓಡಾಡಬೇಕಾಯಿತು. ರಜೆ ಮುಗಿಸಿ ಬಂದು ನೋಡಿದರೆ ಕಾರಣ ಸರಳವಾಗಿತ್ತು. ನಾವು ಕೂಡಿಹಾಕಿದ ಸುಳ್ಳು ಮೆಸೇಜುಗಳಲ್ಲಿ ಬಹುಪಾಲು ‘ಎಲ್ಲರಿಗೂ ತಿಳಿಸಿ’, ‘ತಪ್ಪದೇ ಶೇರ್ ಮಾಡಿ’ ಎಂದೇ ಮುಗಿಯುತ್ತಿದ್ದವು. ಮಾಡೆಲ್ ಕಲಿತಿದ್ದು ಆ ಸಾಲನ್ನು. ಸುಳ್ಳನ್ನು ಅದು ಕಲಿತೇ ಇರಲಿಲ್ಲ.

ಇಂಥ ಟೂಲ್ ಬೇಕೇ ಬೇಕೆಂದು ನಮಗೆ ಅನಿಸಿದ್ದಕ್ಕೂ ಕಾರಣವಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಗೆಳೆಯರ ಜೊತೆ ಬಂದಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ‘ಮಕ್ಕಳ ಕಳ್ಳರು’ ಎಂಬ ವಾಟ್ಸ್‌ಆ್ಯಪ್ ಸುದ್ದಿ ಅವರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ನಾನಾಗ ಶಾಲೆಯಲ್ಲಿದ್ದೆ. ಬೀದರ್ ರಸ್ತೆಯ ಮೇಲೇ ಇರುವ ನಮ್ಮೂರಿಗೆ ಅದು ಎಲ್ಲೋ ನಡೆದ ಸುದ್ದಿಯಾಗಿರಲಿಲ್ಲ. ಸಂಜೆಯಾದ ಮೇಲೆ ಹೊರಗೆ ಬಿಡುತ್ತಿರಲಿಲ್ಲ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಎಂಬ ಮಿತಿ ತಂದಿತು. ವೇಗ ಕಡಿಮೆಯಾಗಿರಬಹುದು, ಸುಳ್ಳು ನಿಂತಿಲ್ಲ. ಈಗ ಅದು ಚುನಾವಣೆಯ ಕೆಲಸವನ್ನೂ ಮಾಡುತ್ತಿದೆ.

ಚುನಾವಣೆಯ ಸುಳ್ಳು ಎಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಎಲ್ಲರೂ ‘ಡೀಪ್‌ಫೇಕ್’ ಎನ್ನುತ್ತಾರೆ. ಸೆಮಿನಾರುಗಳಲ್ಲೂ ಅದೇ ಮಾತು. ಆದರೆ ದೊಡ್ಡ ಗದ್ದಲ ಎಬ್ಬಿಸಿದ ಎರಡು ಪ್ರಕರಣ ನೋಡಿ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ನಡುವೆ, ಅಮಿತ್ ಶಾ ಅವರು ಎಸ್‌ಸಿ, ಎಸ್‌ಟಿ ಮೀಸಲಾತಿ ತೆಗೆಯುತ್ತೇವೆ ಎಂದರೆನ್ನುವ ವಿಡಿಯೊ ಹರಿದಾಡಿತು. ಮೂಲ ಭಾಷಣದಲ್ಲಿ ಅವರು ಹೇಳಿದ್ದು ಮುಸ್ಲಿಂ ಮೀಸಲಾತಿಯ ಬಗ್ಗೆ. ಅದನ್ನು ಕತ್ತರಿಸಿ ಜೋಡಿಸಲಾಗಿತ್ತು. ದೆಹಲಿ ಪೊಲೀಸರು ಪ್ರಕರಣ ದಾಖಲಿಸಿದರು. ಕಲಬುರಗಿ ಎಸ್‌ಸಿ ಮೀಸಲು ಕ್ಷೇತ್ರ. ಮೇ 7ಕ್ಕೆ ಇಲ್ಲಿ ಮತದಾನವಿತ್ತು. ಇಂಥ ಊರಿನಲ್ಲಿ ಆ ತುಣುಕು ಏನು ಮಾಡಬಲ್ಲದು ಯೋಚಿಸಿ. ಅದಕ್ಕೆ ಎಐ ಬೇಕಾಗಿರಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಕತ್ತರಿಸುವ ಆ್ಯಪ್ ಸಾಕು.

ಅದೇ ವರ್ಷ ನವೆಂಬರ್‌ನಲ್ಲಿ ಹಾವೇರಿ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಜಮೀನಿನ ವಿವಾದ ಕಾರಣ ಎಂಬ ಸುದ್ದಿ ಕನ್ನಡದ ಕೆಲವು ಪೋರ್ಟಲ್‌ಗಳಲ್ಲಿ ಬಂತು. ಸಂಸದ ತೇಜಸ್ವಿ ಸೂರ್ಯ ಅದನ್ನು ‘ಎಕ್ಸ್’ನಲ್ಲಿ ಹಂಚಿಕೊಂಡರು. ರೈತ ತೀರಿಕೊಂಡದ್ದು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆನಷ್ಟದಿಂದ ಎಂದು ಜಿಲ್ಲಾ ಪೊಲೀಸರು ತಿಳಿಸಿದರು, ಪೋಸ್ಟ್ ಅಳಿಸಲಾಯಿತು. ಎಫ್‌ಐಆರ್ ಆಯಿತು, ಸೂರ್ಯ ಅವರ ವಿರುದ್ಧದ ಪ್ರಕರಣವನ್ನು ಡಿಸೆಂಬರ್‌ನಲ್ಲಿ ಹೈಕೋರ್ಟ್ ರದ್ದುಪಡಿಸಿತು. ಕಾನೂನಿನ ವಿಷಯ ನ್ಯಾಯಾಲಯಕ್ಕೆ ಬಿಟ್ಟಿದ್ದು. ನಾನು ನೋಡುವುದು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾಗಿ. ಅಲ್ಲಿ ಸಾವು ನಿಜ, ಊರು ನಿಜ. ಬದಲಾದದ್ದು ಕಾರಣ ಮಾತ್ರ. ಆ ವಾಕ್ಯವನ್ನು ಎಷ್ಟು ಸಲ ಓದಿದರೂ ಯಾವ ಮಾಡೆಲ್‌ಗೂ ಅದು ಸುಳ್ಳೆಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕೆಂದರೆ ಯಾರಾದರೂ ಹಾವೇರಿಗೆ ಫೋನ್ ಮಾಡಲೇಬೇಕು.

ಹಾಗಾದರೆ ಎಐಗೆ ಏನು ಕೆಲಸ? ಹುಡುಕುವ ಕೆಲಸ. ಒಂದೇ ಸುಳ್ಳು ಹತ್ತು ವೇಷದಲ್ಲಿ ಬರುತ್ತದೆ. ಯಾರೋ ಒಬ್ಬರು ಅದನ್ನು ಪರಿಶೀಲಿಸಿ ಬರೆದಿರುತ್ತಾರೆ. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ನಂಥ ಸಂಸ್ಥೆಗಳು ಕನ್ನಡದಲ್ಲೇ ಬರೆಯುತ್ತವೆ. ಆದರೆ ಆ ಬರಹ ಕಾಕಾನವರೆಗೆ ಬರುವುದಿಲ್ಲ. ಬಂದ ಸಂದೇಶವನ್ನೂ ಈಗಾಗಲೇ ಇರುವ ಫ್ಯಾಕ್ಟ್‌ಚೆಕ್ ಅನ್ನೂ ಅರ್ಥದ ಲೆಕ್ಕದಲ್ಲಿ ಜೋಡಿಸುವುದು ಯಂತ್ರದಿಂದ ಆಗುವ ಕೆಲಸ. ವಾಕ್ಯವನ್ನು ಅಂಕಿಗಳ ಸಾಲಾಗಿ ಬದಲಿಸಿದರೆ ಹತ್ತಿರದ ಅರ್ಥದ ವಾಕ್ಯಗಳು ಹತ್ತಿರ ಬರುತ್ತವೆ. ಚಿತ್ರಗಳಿಗೂ ದಾರಿ ಇದೆ: ಫೇಸ್‌ಬುಕ್ 2019ರಲ್ಲಿ ಮುಕ್ತವಾಗಿ ಬಿಟ್ಟ ‘ಪಿಡಿಕ್ಯೂ’ ಎಂಬ ವಿಧಾನದಿಂದ ಚಿತ್ರದ ಗಾತ್ರ ಕಿರಿದಾಗಿದ್ದರೂ, ಗುಣಮಟ್ಟ ಸ್ವಲ್ಪ ಕೆಟ್ಟಿದ್ದರೂ ಹಳೆಯ ಚಿತ್ರ ಅದೇ ಎಂದು ಗುರುತಿಸಬಹುದು. ವಾಟ್ಸ್‌ಆ್ಯಪ್ ಸಂದೇಶಗಳು ಎನ್‌ಕ್ರಿಪ್ಟ್ ಆಗಿರುವುದರಿಂದ ಹೊರಗಿನವರು ಇಣುಕಲಾರರು, ಇಣುಕಲೂಬಾರದು. ಹಾಗಾಗಿ ಅನುಮಾನ ಬಂದವರೇ ಒಂದು ನಂಬರಿಗೆ ಕಳಿಸಬೇಕು, ಉತ್ತರ ಅಲ್ಲಿಗೇ ಬರಬೇಕು.

ಇಂಥ ನಂಬರುಗಳು ಇವೆ. 2024ರ ಮಾರ್ಚ್‌ನಲ್ಲಿ ಫ್ಯಾಕ್ಟ್‌ಚೆಕ್ ಸಂಸ್ಥೆಗಳ ಒಕ್ಕೂಟವೊಂದು ಡೀಪ್‌ಫೇಕ್ ಪರೀಕ್ಷೆಗೆ ವಾಟ್ಸ್‌ಆ್ಯಪ್ ಸಹಾಯವಾಣಿ ಶುರು ಮಾಡಿತು. ಆಗ ಅದು ಕೆಲಸ ಮಾಡುತ್ತಿದ್ದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಸಂದೇಶ ಹೊಂದಿಸುವ ಬಗ್ಗೆ 2021ರಲ್ಲಿ ಬಂದ, ನಾವು ಆಧಾರವಾಗಿ ಇಟ್ಟುಕೊಂಡ ಸಂಶೋಧನೆಯಲ್ಲಿ ಹಿಂದಿ, ಬಂಗಾಳಿ, ಮಲಯಾಳಂ, ತಮಿಳು ಇದ್ದವು. ಎರಡರಲ್ಲೂ ಕನ್ನಡ ಇಲ್ಲ. ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ 22 ಭಾಷೆಗಳಿಗೆ ಅನುವಾದದ ಮಾಡೆಲ್ ಕೊಟ್ಟಿದೆ, ಅದರಲ್ಲಿ ಕನ್ನಡವೂ ಇದೆ, ನಮಗೆ ತುಂಬ ನೆರವಾಗಿದೆ. ಆದರೆ ಅದು ಪುಸ್ತಕದ ಕನ್ನಡ. ನಮ್ಮ ಕಡೆ ಒಂದೇ ಉಸಿರಿನಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ ಬೆರೆಯುತ್ತವೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಕಮಲಾಪುರದ ಮಾತು ಮಾತ್ರ ನಾನು ತಡಕಿದ ಯಾವ ಡೇಟಾಸೆಟ್‌ನಲ್ಲೂ ಸಿಗಲಿಲ್ಲ.

ಇದನ್ನೆಲ್ಲ ಸರ್ಕಾರವೇ ಮಾಡಲಿ ಎಂದು ನನ್ನ ಗೆಳೆಯ ವಾದಿಸುತ್ತಾನೆ. ನನಗೆ ಒಪ್ಪಿಗೆಯಿಲ್ಲ. ಕೇಂದ್ರ ಸರ್ಕಾರ ತನ್ನ ಬಗೆಗಿನ ಸುದ್ದಿಗಳನ್ನು ತಾನೇ ಸುಳ್ಳೆಂದು ಘೋಷಿಸುವ ಘಟಕಕ್ಕಾಗಿ 2023ರಲ್ಲಿ ನಿಯಮ ತಂದಿತ್ತು; 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ಕರಡು ಮಸೂದೆ ಹೊರಬಂತು. ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ, ಸಚಿವರೇ ಮುಂದಾಳಾಗಿರುವ ಪ್ರಾಧಿಕಾರ. ಪಕ್ಷ ಬೇರೆ, ಆಸೆ ಒಂದೇ. ಗೃಹಲಕ್ಷ್ಮಿ ಹಣ ತಡವಾಗಿದೆ ಎಂದು ಒಬ್ಬ ಹೆಣ್ಣುಮಗಳು ಸಿಟ್ಟಿನಿಂದ ಮಾತಾಡಿದರೆ ಅದು ಸುಳ್ಳೋ ದೂರೋ ಎಂದು ತೀರ್ಮಾನಿಸುವವರು ಹಣ ಕೊಡಬೇಕಾದವರೇ ಆಗಬಾರದು. ಇಪ್ಪತ್ತು ವರ್ಷದ ಮೂವರು ಹುಡುಗರೂ ಆಗಬಾರದು. ಪಕ್ಕದ ಮನೆಯ ಅಕ್ಕನ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ ಅಲ್ಲವೇ?

ನಾವು ‘ಸುಳ್ಳು–ನಿಜ’ ಬಟನ್ ತೆಗೆದುಹಾಕಿದೆವು. ಗೈಡ್‌ಗೆ ಬೇಸರವಾಯಿತು, ಪ್ರಾಜೆಕ್ಟ್‌ನಲ್ಲಿ ತೋರಿಸಲು ಶೇಕಡಾವಾರು ಅಂಕಿಯೇ ಉಳಿಯಲಿಲ್ಲ. ಈಗ ಟೂಲ್ ಹೊಂದುವ ಫ್ಯಾಕ್ಟ್‌ಚೆಕ್ ಸಿಕ್ಕರೆ ಅದರ ಲಿಂಕ್ ಕೊಡುತ್ತದೆ. ಯಾವ ದಿನಾಂಕದ್ದು, ಯಾರು ಬರೆದದ್ದು ಎಂದು ತೋರಿಸುತ್ತದೆ. ಸಿಗದಿದ್ದರೆ ‘ಸಿಗಲಿಲ್ಲ, ಹಾಗೆಂದು ಇದು ನಿಜವೆಂದೂ ಅಲ್ಲ, ಸುಳ್ಳೆಂದೂ ಅಲ್ಲ’ ಎನ್ನುತ್ತದೆ. ಶನಿವಾರ ಊರಿಗೆ ಹೋದಾಗ ಒಪ್ಪಿದವರ ಮಾತನ್ನು ಮಾತ್ರ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಅವ್ವನದೇ ಹೆಚ್ಚು. ‘ಬಂದ್’ ಮತ್ತು ‘ಬಂದು’ ಈಗ ಹೆಚ್ಚುಕಡಿಮೆ ಬೇರೆಯಾಗಿವೆ. ‘ಲತ್ತಾರ’ ಇನ್ನೂ ಕಾಡುತ್ತಿದೆ.

ಹೋದ ವಾರ ಕಾಕಾ ಇನ್ನೊಂದು ಮೆಸೇಜ್ ಕಳಿಸಿದ್ದರು. ಟೂಲ್ ‘ಸಿಗಲಿಲ್ಲ’ ಎಂದಿತು. ಫೋನ್ ಮಾಡಿ ಬೈದರು: ‘ಮತ್ತ ಇದ್ಯಾತಕ್ ಬೇಕಲೇ ನಿನ್ನ ಮಷಿನ್?’ ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: ‘ಹೋಗ್ಲಿ ಬಿಡು, ನಾ ಇನ್ನ ಯಾರಿಗೂ ಕಳ್ಸಿಲ್ಲ. ನಾಳಿ ಪಂಚಾಯತಿಗಿ ಹೋಗಿ ಕೇಳ್ತೀನಿ.’